ಹೊಸ ಬ್ಯಾಸ್ಕೆಟ್‌ಬಾಲ್ ಶೂ ನಿಮ್ಮ ಕೋರ್ಟಿಗೆ ಒಗ್ಗುತ್ತಾ? ನೀವೇ ಪರೀಕ್ಷೆ ಮಾಡಿ ನೋಡಿ

“ಸರ್, ಈ ಶೂ ಹೇಗಿದೆ?” ಒಂದು ಫೋಟೊ, ಅದರ ಕೆಳಗೆ ಈ ಪ್ರಶ್ನೆ. ವಾರಕ್ಕೆ ಮೂರ್ನಾಲ್ಕು ಬರುತ್ತವೆ. ಕೆಲವು ಆಡುವ ಹುಡುಗರದ್ದು, ಕೆಲವು ಅಪ್ಪ ಅಮ್ಮಂದಿರದ್ದು. ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ: “ಆಡೋದು ಎಲ್ಲಿ?”

ಯಾಕೆ ಹೀಗೆ ಕೇಳುತ್ತೇನೆ ಅಂದರೆ, ನೀವು ನೋಡುವ ವಿಡಿಯೊ ವಿಮರ್ಶೆಗಳಲ್ಲಿ ಹೆಚ್ಚಿನವು ಮರದ ನೆಲದ ಮೇಲೆ ಆಡಿ ಮಾಡಿದವು. 2017ರಲ್ಲಿ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಮಹಿಳಾ ಏಷ್ಯಾ ಕಪ್ ನಡೆದ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಂಥ ಜಾಗದಲ್ಲಿ ದಿನಾ ಆಡುವ ಅದೃಷ್ಟ ನಮ್ಮಲ್ಲಿ ಎಷ್ಟು ಜನಕ್ಕಿದೆ? ನಮ್ಮದು ಶಾಲೆಯ ಸಿಮೆಂಟ್ ಕೋರ್ಟು. ಪಕ್ಕದಲ್ಲೇ ಕ್ರಿಕೆಟ್, ಅಲ್ಲಿಂದ ಕೆಂಪು ಧೂಳು. ಮೇಲೆ ಹೊಂಗೆ ಮರ, ಬೇಸಿಗೆ ಬಂತು ಅಂದರೆ ಕೋರ್ಟ್ ತುಂಬ ಹೂವು. ಮರದ ನೆಲದಲ್ಲಿ ಅಂಟಿನಂತೆ ಹಿಡಿಯುವ ಶೂ ಇಲ್ಲಿ ಜಾರಬಹುದು. ಅಲ್ಲಿ ಎರಡು ವರ್ಷ ಬರುವ ಅಟ್ಟೆ ಇಲ್ಲಿ ಐದು ತಿಂಗಳಿಗೆ ನುಣ್ಣಗಾಗಬಹುದು.

ಅದಕ್ಕೇ ಯಾವ ಶೂ ಒಳ್ಳೆಯದು ಅಂತ ನಾನಿಲ್ಲಿ ಪಟ್ಟಿ ಕೊಡುವುದಿಲ್ಲ. ನಿಮ್ಮ ಕಾಲು, ನಿಮ್ಮ ನೆಲ, ನಿಮ್ಮ ಆಟ ಮೂರಕ್ಕೂ ಶೂ ಹೊಂದುತ್ತದೆಯೇ ಅಂತ ನೋಡುವ ವಿಧಾನ ಹೇಳುತ್ತೇನೆ.

ಏನೇನು ಬೇಕು

ನಿಮ್ಮ ಹಳೆಯ ಶೂ ಬೇಕೇ ಬೇಕು. ಹೋಲಿಸಲು ಏನೂ ಇಲ್ಲದಿದ್ದರೆ ಹೊಸದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಜೊತೆಗೆ ಆಡುವಾಗ ಹಾಕುವ ದಪ್ಪ ಸಾಕ್ಸ್, ಒಂದು ಒದ್ದೆ ಬಟ್ಟೆ, ಸೀಮೆಸುಣ್ಣದ ತುಂಡು, ಸ್ಲೋ ಮೋಷನ್ ಇರುವ ಫೋನ್, ವಿಡಿಯೊ ಮಾಡಿಕೊಡಲು ಒಬ್ಬ ಗೆಳೆಯ. ಸಮಯದ ಲೆಕ್ಕದಲ್ಲಿ ಮನೆಯಲ್ಲಿ ಒಂದು ಸಂಜೆ, ಕೋರ್ಟಿನಲ್ಲಿ ಮೂರು ದಿನ, ಆಮೇಲೆ ಒಂದು ತಿಂಗಳು ಕಣ್ಣಿಟ್ಟಿರಬೇಕು.

1. ಮೊದಲು ಮನೆಯಲ್ಲೇ ಅಳತೆ ನೋಡಿ

ಶೂ ಬಂದ ತಕ್ಷಣ ಕೋರ್ಟಿಗೆ ಓಡಬೇಡಿ. ಅಟ್ಟೆಗೆ ಒಮ್ಮೆ ಧೂಳು ಹತ್ತಿದರೆ ವಾಪಸ್ ತೆಗೆದುಕೊಳ್ಳುವವರು ಕಡಿಮೆ. ಒರೆಸಿದ ನೆಲದ ಮೇಲೆ, ಸಂಜೆ ಹೊತ್ತು, ಆಟದ ಸಾಕ್ಸ್ ಹಾಕಿಕೊಂಡು ನೋಡಿ. ದಿನವೆಲ್ಲ ನಿಂತು ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ. ಆಟದಲ್ಲೂ ಹಾಗೇ ಆಗುತ್ತದೆ.

ನಂಬರ್ ವಿಷಯದಲ್ಲಿ ಎಡವುವವರು ಬಹಳ. ಯುಎಸ್ 9 ಅಂದರೆ ನೈಕಿಯಲ್ಲಿ ಯುಕೆ 8, ಅಡಿಡಾಸ್‌ನಲ್ಲಿ ಯುಕೆ 8.5. “ನಂದು 8” ಅಂತ ಕಣ್ಣು ಮುಚ್ಚಿ ಆರ್ಡರ್ ಮಾಡಿದರೆ ಒಂದು ಕಂಪನಿಯದು ಸರಿಯಾಗಿ ಕೂರುತ್ತದೆ, ಇನ್ನೊಂದರದು ಕಚ್ಚುತ್ತದೆ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆದು ಸೆಂಟಿಮೀಟರ್‌ನಲ್ಲಿ ಅಳೆದುಕೊಳ್ಳಿ. ಎರಡೂ ಕಾಲು ಅಳೆಯಿರಿ. ದೊಡ್ಡದಿರುವ ಕಾಲೇ ಲೆಕ್ಕಕ್ಕೆ. ಹೆಚ್ಚಿನ ಶೂಗಳ ನಾಲಿಗೆಯ ಒಳಗಿನ ಲೇಬಲ್‌ನಲ್ಲಿ ಸೆಂಟಿಮೀಟರ್ ಅಳತೆ ಇರುತ್ತದೆ, ಅದರ ಜೊತೆ ತಾಳೆ ನೋಡಿ.

ಲೇಸ್ ಬಿಗಿದು ನಿಂತಾಗ ಬೆರಳಿನ ಮುಂದೆ ಸುಮಾರು ಅರ್ಧ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಅದಕ್ಕಿಂತ ಕಡಿಮೆಯಾದರೆ ಗಕ್ಕನೆ ನಿಲ್ಲುವಾಗ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ. ಜಾಸ್ತಿ ಇದ್ದರೆ ಕಾಲು ಒಳಗೇ ಜಾರಾಡುತ್ತದೆ. ಮಕ್ಕಳಿಗೆ “ಬೆಳೆಯೋ ಕಾಲು, ಒಂದು ನಂಬರ್ ದೊಡ್ಡದಿರಲಿ” ಅಂತ ಕೊಡಿಸುವವರೇ, ಶಾಲೆಯ ಕಪ್ಪು ಶೂಗೆ ಅದು ನಡೆಯುತ್ತದೆ. ಇದಕ್ಕೆ ಬೇಡ.

ಅಗಲ ಗೊತ್ತಾಗಬೇಕಾದರೆ ಒಳಗಿನ ಪ್ಯಾಡ್ ಹೊರಗೆ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಿ. ಕಿರುಬೆರಳಿನ ಪಕ್ಕ ಕಾಲು ಪ್ಯಾಡ್‌ನಿಂದ ಆಚೆ ಚಾಚಿಕೊಂಡಿದ್ದರೆ ಆ ಶೂ ನಿಮಗೆ ಕಿರಿದು. “ಆಡ್ತಾ ಆಡ್ತಾ ಸಡಿಲ ಆಗುತ್ತೆ” ಅನ್ನುವ ಮಾತು ಚರ್ಮದ ಶೂ ಕಾಲದ್ದು. ಈಗಿನ ಹೆಣೆದ ಬಟ್ಟೆ, ಪ್ಲಾಸ್ಟಿಕ್ ಪದರಗಳು ಅಷ್ಟಾಗಿ ಹಿಗ್ಗುವುದಿಲ್ಲ.

2. ಕೈಯಲ್ಲಿ ಹಿಡಿದು ನೋಡುವ ನಾಲ್ಕು ಪರೀಕ್ಷೆ

ಬಗ್ಗಿಸಿ. ಹಿಮ್ಮಡಿ ಮತ್ತು ಮೂತಿ ಹಿಡಿದು ಒತ್ತಿದಾಗ ಕಾಲ್ಬೆರಳು ಮಡಚುವ ಜಾಗದಲ್ಲೇ ಶೂ ಬಗ್ಗಬೇಕು. ಸರಿ ಮಧ್ಯಕ್ಕೆ ಮಡಚಿಕೊಂಡರೆ ಬೇಡ.

ತಿರುಚಿ. ಬಟ್ಟೆ ಹಿಂಡುವ ಹಾಗೆ. ಮಧ್ಯಭಾಗ ಗಟ್ಟಿಯಾಗಿ ತಡೆಯಬೇಕು. ಅಂಗಾಲಿನ ಕಮಾನಿನ ಕೆಳಗೆ ಟಿಪಿಯು ಅನ್ನುವ ಗಡಸು ಪ್ಲಾಸ್ಟಿಕ್‌ನ ಅಥವಾ ಕಾರ್ಬನ್‌ನ ಒಂದು ಪಟ್ಟಿ ಕೂರಿಸಿರುತ್ತಾರೆ. ಅದಕ್ಕೆ ಶ್ಯಾಂಕ್ ಅನ್ನುತ್ತಾರೆ. ಫಸ್ಟ್ ಕಾಪಿ ಶೂಗಳು ಹೊರಗಿನಿಂದ ಅಸಲಿಯಂತೆಯೇ ಕಾಣುತ್ತವೆ, ಎಷ್ಟೋ ಸಲ ಸಿಕ್ಕಿಬೀಳುವುದು ಇಲ್ಲಿ. ಬಣ್ಣ, ಲೋಗೊ ನಕಲು ಮಾಡುವುದು ಸುಲಭ. ಒಳಗಿನ ಪಟ್ಟಿ, ಫೋಮ್ ಹಾಕಲು ಖರ್ಚಾಗುತ್ತದೆ.

ಹಿಂಡಿ. ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಿನಿಂದ ಒತ್ತಿದರೆ ಒಳಗೆ ಕುಸಿಯಬಾರದು.

ಮೇಜಿನ ಮೇಲಿಟ್ಟು ಪಕ್ಕಕ್ಕೆ ತಳ್ಳಿ. ಕಿರುಬೆರಳಿನ ಕೆಳಗೆ ಅಟ್ಟೆ ಸ್ವಲ್ಪ ಹೊರಗೆ ಚಾಚಿಕೊಂಡಿದ್ದರೆ ಶೂ ಸುಲಭವಾಗಿ ಮಗುಚುವುದಿಲ್ಲ. ಓಡುವ ಶೂಗಳಲ್ಲಿ ಈ ಚಾಚು ಇಲ್ಲ, ಹಿಮ್ಮಡಿಯೂ ಎತ್ತರ. ಅವು ನೇರ ಹೋಗಲು ಮಾಡಿದವು. ಜಾಗಿಂಗ್ ಶೂ ಹಾಕಿಕೊಂಡು ಡಿಫೆನ್ಸ್ ಆಡಲು ಹೋಗಿ ಕಾಲು ಉಳುಕಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

3. ಪಳಗಿಸಲು ಎರಡು ದಿನ

ಹೊಸ ರಬ್ಬರಿನ ಮೇಲೆ ತೆಳ್ಳನೆಯ ಹೊಳಪು ಇರುತ್ತದೆ, ಮೊದಲ ದಿನ ಅದೇ ಜಾರಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ಒಣಗಿಸಿ. ಎರಡು ದಿನ ಅರ್ಧರ್ಧ ಗಂಟೆ ಬರೀ ಶೂಟಿಂಗ್ ಮಾಡಿ. ಮ್ಯಾಚ್ ಬೇಡ. ಟೂರ್ನಿಯ ಹಿಂದಿನ ದಿನ ಹೊಸ ಶೂ ಕೊಳ್ಳುವುದಂತೂ ಬೇಡವೇ ಬೇಡ.

4. ಹಿಡಿತ: ಇಲ್ಲಿ ಅವಸರ ಮಾಡಬೇಡಿ

ಹಿಡಿತವಿಲ್ಲದ ಶೂನಲ್ಲಿ ಬೇರೆ ಏನಿದ್ದರೂ ಉಪಯೋಗವಿಲ್ಲ. ಹಾಗಾಗಿ ಮೂರನೇ ದಿನ ಪೂರ್ತಿ ಇದಕ್ಕೇ ಇಡಿ.

ರಿಂಗ್ ಹಿಂದಿನ ಎಂಡ್ ಲೈನ್‌ನಿಂದ, ಫೌಲ್ ಆದಾಗ ನಿಂತು ಬಾಲ್ ಹಾಕುವ ಫ್ರೀ ಥ್ರೋ ಗೆರೆಗೆ 5.8 ಮೀಟರ್. ಅಷ್ಟು ದೂರ ಜೋರಾಗಿ ಓಡಿ, ಗೆರೆಯ ಮೇಲೆ ಎರಡೂ ಕಾಲು ಒಟ್ಟಿಗೆ ಊರಿ ನಿಲ್ಲಿ. ಕೋಚ್‌ಗಳು ಜಂಪ್ ಸ್ಟಾಪ್ ಅನ್ನುವುದು ಇದನ್ನೇ. ಕಾಲು ಮೊದಲು ನೆಲ ಮುಟ್ಟಿದ ಜಾಗ ಒಂದು, ಕೊನೆಗೆ ನಿಂತ ಜಾಗ ಇನ್ನೊಂದು. ಗೆಳೆಯನಿಗೆ ಸ್ಲೋ ಮೋಷನ್‌ನಲ್ಲಿ ಹಿಡಿಯಲು ಹೇಳಿ, ಎರಡೂ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಮಾಡಿ. ಮೊದಲು ಹಳೆಯ ಶೂನಲ್ಲಿ ಐದು ಸಲ, ಆಮೇಲೆ ಹೊಸದರಲ್ಲಿ ಐದು ಸಲ. ಜಾಗ ಬದಲಿಸಬೇಡಿ. ಒಂದೇ ಕೋರ್ಟಿನಲ್ಲೂ ರಿಂಗ್ ಕೆಳಗಿನ ನೆಲ ಸವೆದು ನುಣುಪಾಗಿರುತ್ತದೆ, ಮೂಲೆಗಳು ತರಿತರಿಯಾಗಿರುತ್ತವೆ.

ಆಮೇಲೆ ಪಕ್ಕದ ಚಲನೆ. ರಿಂಗ್ ಮುಂದಿನ, ಕೀ ಅನ್ನುವ ಬಣ್ಣ ಬಳಿದ ಚೌಕದ ಅಗಲ 4.9 ಮೀಟರ್. ಡಿಫೆನ್ಸ್ ಭಂಗಿಯಲ್ಲಿ ಬಗ್ಗಿ ಈ ಗೆರೆಯಿಂದ ಆ ಗೆರೆಗೆ ಹತ್ತು ಸಲ ಸರಿಯಿರಿ. ದಿಕ್ಕು ಬದಲಿಸುವ ಕ್ಷಣದಲ್ಲಿ ಹೊರಗಿನ ಕಾಲು ಚಿಟಿಕೆಯಷ್ಟು ಜಾರಿದರೂ ಅದು ತೊಡೆಯ ಒಳಭಾಗಕ್ಕೆ ಗೊತ್ತಾಗುತ್ತದೆ. ಕಿವಿಯನ್ನೂ ಕೊಡಿ. ಮರದ ನೆಲದಲ್ಲಿ ಒಳ್ಳೆಯ ಹಿಡಿತ ಕೀಚ್ ಅನ್ನುತ್ತದೆ. ಸಿಮೆಂಟಿನ ಮೇಲೆ ಅಂಥ ಸದ್ದು ಇಲ್ಲ, ಒರಟಾದ ‘ಚರ್’ ಇರುತ್ತದೆ. ‘ಸ್‌ಸ್’ ಅಂತ ಮೆತ್ತಗೆ ಎಳೆದರೆ ಅಟ್ಟೆಗೂ ನೆಲಕ್ಕೂ ನಡುವೆ ಧೂಳಿದೆ ಅಂತ ಅರ್ಥ.

ಇನ್ನು ನಮ್ಮ ಕೋರ್ಟುಗಳಿಗೇ ಬೇಕಾದ ಧೂಳಿನ ಪರೀಕ್ಷೆ. ಅಟ್ಟೆ ಒರೆಸದೆ ಹತ್ತು ನಿಮಿಷ ಆಡಿ, ತಕ್ಷಣ ಜಂಪ್ ಸ್ಟಾಪ್ ಮತ್ತೆ ಮಾಡಿ. ಈಗ ಶೂ ತಿರುಗಿಸಿ ನೋಡಿ. ಅಂಕುಡೊಂಕು ಗೆರೆಗಳ ನಡುವಿನ ಸಂದಿಯಲ್ಲಿ ಕೆಂಪು ಪುಡಿ ಮೆತ್ತಿಕೊಂಡು ಗೆರೆಯೇ ಮಾಯವಾಗಿದ್ದರೆ ಆ ವಿನ್ಯಾಸ ನಿಮಗಲ್ಲ. ಸಂದಿ ಅಗಲವಾಗಿ, ಆಳವಾಗಿ ಇದ್ದರೆ ಓಡುವಾಗಲೇ ಧೂಳು ಉದುರುತ್ತದೆ. ಈ ಅಂಕುಡೊಂಕು ವಿನ್ಯಾಸಕ್ಕೆ ಹೆರಿಂಗ್‌ಬೋನ್ ಅನ್ನುತ್ತಾರೆ. ಎಷ್ಟೋ ಹೊಸ ವಿನ್ಯಾಸಗಳು ಬಂದು ಹೋದವು, ಧೂಳಿನ ನೆಲಕ್ಕೆ ಈಗಲೂ ನನ್ನ ಓಟು ಇದಕ್ಕೇ.

ಆಚೆಯಿಂದ ಈಚೆ ಕಾಣುವ ಗಾಜಿನಂಥ ಅಟ್ಟೆ ಬರುತ್ತದಲ್ಲ, ಅದರ ಬಗ್ಗೆ ಹುಷಾರಾಗಿರಿ. ಅಂಥ ರಬ್ಬರ್ ಧೂಳನ್ನು ಅಯಸ್ಕಾಂತದಂತೆ ಎಳೆದುಕೊಳ್ಳುವುದೇ ಜಾಸ್ತಿ. ಎಲ್ಲವೂ ಹಾಗಿಲ್ಲ, ಆದರೆ ನಾನು ದುಬಾರಿ ಕೊಟ್ಟು ತಂದ ಒಂದು ಜೊತೆ ಮೊದಲ ಕ್ವಾರ್ಟರ್‌ನಲ್ಲೇ ನನ್ನನ್ನು ಅಂಗಾತ ಮಲಗಿಸಿತ್ತು.

ರಬ್ಬರ್ ಮೆತ್ತಗಿದೆಯೋ ಗಟ್ಟಿಯೋ ಅಂತ ಉಗುರು ಒತ್ತಿ ನೋಡಿ. ಮೆತ್ತಗಿನದು ಚೆನ್ನಾಗಿ ಹಿಡಿಯುತ್ತದೆ, ಸಿಮೆಂಟಿಗೆ ಬೇಗ ಸವೆಯುತ್ತದೆ. ಗಟ್ಟಿಯದು ಬಾಳಿಕೆ ಬರುತ್ತದೆ, ಮರದ ನೆಲದಲ್ಲಿ ಸ್ವಲ್ಪ ಜಾರಬಹುದು. ಕೆಲವು ನೈಕಿ ಶೂಗಳ ಅಟ್ಟೆಯ ಮೇಲೆ ‘ಎಕ್ಸ್‌ಡಿಆರ್’ ಅಂತ ಅಚ್ಚಾಗಿರುತ್ತದೆ. ಅದು ಹೊರಾಂಗಣಕ್ಕೆಂದು ಮಾಡಿದ, ಹೆಚ್ಚು ಬಾಳುವ ರಬ್ಬರಿನ ಗುರುತು.

ಮೂರು ಎಚ್ಚರಿಕೆಗಳಿವೆ. ಒದ್ದೆ ಕೋರ್ಟಿನಲ್ಲಿ ಹಿಡಿತ ಪರೀಕ್ಷಿಸಬೇಡಿ. ಬಣ್ಣ ಬಳಿದ ಸಿಮೆಂಟಿನ ಮೇಲೆ ನೀರು ಬಿದ್ದರೆ ಯಾವ ಶೂ ಕೂಡ ನಿಲ್ಲುವುದಿಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿದ ಮೇಲೂ ಪಾಚಿ ಉಜ್ಜಿ ತೆಗೆಯುವ ತನಕ ಕಾಯಿರಿ. ಇನ್ನೊಂದು, ಹಿಡಿತ ಅತಿಯಾದರೂ ಕಷ್ಟ. ಮುಂಗಾಲ ಮೇಲೆ ನಿಂತು ತಿರುಗಿ ನೋಡಿ. ಮೈ ತಿರುಗಿದರೂ ಪಾದ ನೆಲಕ್ಕೇ ಕಚ್ಚಿಕೊಂಡಿದ್ದರೆ ಆ ತಿರುಚು ಮೊಣಕಾಲಿಗೆ ಹೋಗುತ್ತದೆ. ಕೊನೆಯದು, ಎಂಜಲು ಹಚ್ಚಿ ಅಂಗೈಯಲ್ಲಿ ಅಟ್ಟೆ ಒರೆಸುವ ಚಾಳಿ ಬಿಡಿ. ಬೆಂಚಿನ ಬಳಿ ಒದ್ದೆ ಬಟ್ಟೆ ಹಾಸಿಟ್ಟರೆ ತುಳಿದು ಒಳಗೆ ಹೋಗಬಹುದು.

5. ಮೆತ್ತನೆ: ಅಂಗಡಿಯಲ್ಲಿ ಅಲ್ಲ, ಮರುದಿನ ಬೆಳಗ್ಗೆ ಗೊತ್ತಾಗುವುದು

ಅಟ್ಟೆಗೂ ಕಾಲಿಗೂ ನಡುವಿನ ದಪ್ಪ ಪದರಕ್ಕೆ ಮಿಡ್‌ಸೋಲ್ ಅನ್ನುತ್ತಾರೆ. ಹೆಚ್ಚಿನವುಗಳಲ್ಲಿ ಅದು ಇವಿಎ ಎಂಬ ಫೋಮ್. ಕೆಲವದರಲ್ಲಿ ಗಾಳಿಯ ಚೀಲವೂ ಇರುತ್ತದೆ. ಇದರ ಕೆಲಸ ಎರಡು: ನೆಲದ ಏಟು ಕಡಿಮೆ ಮಾಡುವುದು, ಆದರೆ ನೆಲದ ಅರಿವೇ ತಪ್ಪಿಹೋಗದ ಹಾಗೆ ನೋಡಿಕೊಳ್ಳುವುದು.

ಅಂಗಡಿಯಲ್ಲಿ ಸ್ಪಂಜಿನಂತೆ ಕಂಡದ್ದು ಕೋರ್ಟಿನಲ್ಲಿ ತಳ ಕಾಣಬಹುದು. ಅಂದರೆ ಭಾರ ಬಿದ್ದಾಗ ಫೋಮ್ ಪೂರ್ತಿ ಚಪ್ಪಟೆಯಾಗಿ ಅಂಗಾಲು ನೇರ ಸಿಮೆಂಟಿಗೆ ಬಡಿದಂತೆ ಆಗುವುದು. ಇದನ್ನು ಹಿಡಿಯುವ ದಾರಿ ಸುಲಭ. ರಿಂಗ್ ಕೆಳಗೆ ನಿಂತು ಬಿಡುವಿಲ್ಲದೆ ಹತ್ತು ಸಲ ನೆಗೆಯಿರಿ, ರಿಬೌಂಡ್‌ಗೆ, ಅಂದರೆ ರಿಂಗಿಗೆ ಬಡಿದು ವಾಪಸ್ ಬರುವ ಬಾಲ್‌ಗೆ ನೆಗೆಯುವ ಹಾಗೆ. ನಂತರ ಎರಡೂ ಕಡೆಯಿಂದ ಐದೈದು ಲೇಅಪ್ (ಓಡಿಬಂದು ರಿಂಗ್ ಹತ್ತಿರ ನೆಗೆದು ಬಾಲ್ ಹಾಕುವುದು), ಒಂಟಿ ಕಾಲಲ್ಲಿ ಇಳಿಯಿರಿ. ಒಂದು ಗಂಟೆಯ ಆಟವಾದ ಮೇಲೆ ಇದನ್ನೇ ಮತ್ತೆ ಮಾಡಿ. ದಣಿದ ಫೋಮ್ ಹೇಗೆ ವರ್ತಿಸುತ್ತದೆ ಅನ್ನುವುದೇ ಮುಖ್ಯ.

ಮಾರನೆಯ ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹತ್ತು ಹೆಜ್ಜೆ ಗಮನಿಸಿ. ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತೆ ಆಗುತ್ತದೆಯೇ? ಮೊಣಕಾಲ ಕೆಳಗಿನ ಮೂಳೆ ನೋಯುತ್ತದೆಯೇ? ಹಳೆಯ ಶೂನಲ್ಲಿ ಇಲ್ಲದ ನೋವು ಹೊಸದರಲ್ಲಿ ಎರಡು ಮೂರು ಸಲ ಬಂದರೆ ಅದು ಕಾಕತಾಳೀಯ ಅಲ್ಲ. ನೋವು ಬಿಡದಿದ್ದರೆ ಶೂ ಬದಲಿಸುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ಮೈತೂಕವೂ ಲೆಕ್ಕಕ್ಕೆ ಬರುತ್ತದೆ. ಬಾಲ್ ಮುನ್ನಡೆಸುವ 55 ಕೆಜಿಯ ಗಾರ್ಡ್‌ಗೆ ಹಿತವಾದ ಫೋಮ್, ರಿಂಗ್ ಬಳಿ ಆಡುವ 95 ಕೆಜಿಯ ಸೆಂಟರ್ ಕೆಳಗೆ ಚಪಾತಿ. ಗೆಳೆಯನ ಮಾತು ನಂಬುವ ಮೊದಲು ಗೆಳೆಯನ ತೂಕ ಕೇಳಿ.

6. ಕಾಲು ಹಿಡಿದಿಡುವ ಶಕ್ತಿ

ಇಲ್ಲಿ ಎರಡು ಪ್ರಶ್ನೆ: ಹಿಮ್ಮಡಿ ಮೇಲೇಳುತ್ತದೆಯೇ? ಪಕ್ಕಕ್ಕೆ ನುಗ್ಗಿದಾಗ ಪಾದ ಶೂನ ಅಂಚು ದಾಟಿ ಹೊರಗೆ ಬಾಗುತ್ತದೆಯೇ?

ಮೊದಲನೆಯದಕ್ಕೆ ಮುಂಗಾಲ ಮೇಲೆ ಸ್ಥಳದಲ್ಲೇ ಕುಣಿದು ನೋಡಿ. ಹಿಮ್ಮಡಿ ಜಾರಿದರೆ ಶೂ ಬೈಯುವ ಮೊದಲು ಲೇಸ್ ಕಟ್ಟುವುದನ್ನು ಬದಲಿಸಿ. ಮೇಲ್ತುದಿಯಲ್ಲಿ, ಸ್ವಲ್ಪ ಹಿಂದಕ್ಕೆ, ಸುಮ್ನೆ ಬಿಟ್ಟಂಥ ಒಂದು ತೂತು ಇರುತ್ತದೆ ಅಲ್ವಾ? ಅದು ಸುಮ್ನೆ ಇಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಗೆ ಹಾಕಿದರೆ ಸಣ್ಣ ಕುಣಿಕೆ ಆಗುತ್ತದೆ. ಎರಡೂ ಕಡೆ ಕುಣಿಕೆ ಮಾಡಿ, ಈ ಬದಿಯ ಲೇಸನ್ನು ಆ ಬದಿಯ ಕುಣಿಕೆಯೊಳಗೆ ತೂರಿಸಿ, ಕೆಳಕ್ಕೂ ಹಿಂದಕ್ಕೂ ಎಳೆದು ಕಟ್ಟಿ. ಎಷ್ಟೋ ಜನರ ದೂರು ಇಲ್ಲಿಗೇ ಮುಗಿಯುತ್ತದೆ.

ಎರಡನೆಯದಕ್ಕೆ ಸ್ಲೋ ಮೋಷನ್ ವಿಡಿಯೊ ಬೇಕು. ಫೋನನ್ನು ನೆಲದ ಮಟ್ಟದಲ್ಲಿ, ಮುಂದುಗಡೆ ಇಡಿ. ಜೋರಾಗಿ ಪಕ್ಕಕ್ಕೆ ಹೆಜ್ಜೆ ಹಾಕಿ ನಿಂತಾಗ ಮೇಲಿನ ಬಟ್ಟೆ ಉಬ್ಬಿ ಅಟ್ಟೆಯ ಅಂಚಿನಿಂದ ಆಚೆ ಜೋತುಬಿದ್ದರೆ ನಿಮ್ಮ ಬಲಕ್ಕೆ ಆ ಶೂ ಸಾಲದು. 2019ರ ಫೆಬ್ರುವರಿಯಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಟಗಾರ ಜಾಯನ್ ವಿಲಿಯಮ್ಸನ್ ಪಂದ್ಯ ಶುರುವಾದ ಒಂದು ನಿಮಿಷದೊಳಗೆ ಕಾಲೂರಿ ತಿರುಗಲು ಹೋದಾಗ ಶೂ ಸೀಳಿ ಪಾದವೇ ಹೊರಗೆ ಬಂದಿತ್ತು. ಮೊಣಕಾಲು ಉಳುಕಿತು. ಅಷ್ಟು ಭಾರ, ಅಷ್ಟು ವೇಗ ನಮಗಿಲ್ಲ, ನಿಜ. ಆದರೆ ಬಲವೆಲ್ಲ ಯಾವ ಕಡೆಯಿಂದ ಶೂ ಮೇಲೆ ಬೀಳುತ್ತದೆ ಅನ್ನುವುದಕ್ಕೆ ಅದಕ್ಕಿಂತ ಚೆನ್ನಾದ ಉದಾಹರಣೆ ಇಲ್ಲ.

“ಹರಡು (ಪಾದದ ಕೀಲು) ಮುಚ್ಚುವ ಎತ್ತರದ ಶೂ ಹಾಕಿದರೆ ಕಾಲು ಉಳುಕಲ್ಲ ಅಲ್ವಾ?” ಇದನ್ನು ಕೇಳದ ಪೋಷಕರೇ ಇಲ್ಲ. 1993ರಲ್ಲಿ ಅಮೆರಿಕದಲ್ಲಿ ಕಾಲೇಜು ಆಟಗಾರರ ಮೇಲೆ ನಡೆದ ಅಧ್ಯಯನದಲ್ಲಿ ಎತ್ತರದ ಶೂಗೂ ಗಿಡ್ಡ ಶೂಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಲೇಕರ್ಸ್ ತಂಡದ ತಾರೆ ಕೋಬಿ ಬ್ರಯಂಟ್ ಫುಟ್‌ಬಾಲ್ ಆಟಗಾರರ ಶೂ ನೋಡಿ, ತಮಗೂ ಅಂಥ ಗಿಡ್ಡ ಶೂ ಬೇಕೆಂದು ಹಟ ಹಿಡಿದು ಮಾಡಿಸಿಕೊಂಡರು. 2009ರಲ್ಲಿ ಲೇಕರ್ಸ್ ಚಾಂಪಿಯನ್ ಆದಾಗ ಅವರ ಕಾಲಲ್ಲಿದ್ದದ್ದು ಅದೇ. ಉಳುಕಿಗೆ ದೊಡ್ಡ ಕಾರಣ ಹಳೆಯ ಉಳುಕು. 2001ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದಲ್ಲಿ 10,000ಕ್ಕೂ ಹೆಚ್ಚು ಆಟಗಾರರನ್ನು ಗಮನಿಸಿದ ಅಧ್ಯಯನದ ಪ್ರಕಾರ, ಮೊದಲೊಮ್ಮೆ ಹರಡಿಗೆ ಪೆಟ್ಟಾದವರಿಗೆ ಮತ್ತೆ ಪೆಟ್ಟಾಗುವ ಸಾಧ್ಯತೆ ಸುಮಾರು 5 ಪಟ್ಟು. ಹಾಗಾಗಿ ಹಳೆಯ ಉಳುಕು ಇದ್ದವರು ಎತ್ತರದ ಶೂ ನಂಬಿ ಕೂರಬೇಡಿ. ಒಂಟಿ ಕಾಲಲ್ಲಿ ನಿಲ್ಲುವ ವ್ಯಾಯಾಮ ಮಾಡಿ, ಬೇಕಿದ್ದರೆ ಹರಡಿಗೆ ಬ್ರೇಸ್ (ಕೀಲನ್ನು ಬಿಗಿಯಾಗಿ ಹಿಡಿದಿಡುವ ಪಟ್ಟಿ) ಹಾಕಿ. ಬ್ರೇಸ್ ಹಾಕುವುದಾದರೆ ಶೂ ಅಳತೆಯನ್ನೂ ಅದರೊಂದಿಗೇ ನೋಡಿ.

7. ಬಿಸಿ, ಬೆವರು, ಬೊಬ್ಬೆ

ಇದು ಬೇಗ ಮುಗಿಯುತ್ತದೆ. ಒಂದು ಗಂಟೆ ಆಡಿ ಸಾಕ್ಸ್ ಕಳಚಿ. ಕೆಂಪಾದ ಜಾಗ ಎಲ್ಲಿದೆ ನೋಡಿ. ಹಿಮ್ಮಡಿಯ ಹಿಂದೆ ಇದ್ದರೆ ಲೇಸ್ ಸಡಿಲ, ಕಿರುಬೆರಳ ಪಕ್ಕ ಇದ್ದರೆ ಶೂ ಕಿರಿದು, ಅಂಗಾಲಿನ ಮುಂಭಾಗದಲ್ಲಿ ಇದ್ದರೆ ಕಾಲು ಒಳಗೆ ಜಾರುತ್ತಿದೆ. ಕಲಬುರಗಿ, ರಾಯಚೂರು ಕಡೆ ಬಿಸಿಲಲ್ಲಿ ಆಡುವವರು ದಪ್ಪ ಸಿಂಥೆಟಿಕ್ ಬಿಟ್ಟು ಗಾಳಿಯಾಡುವ ಬಲೆಬಟ್ಟೆಯದು ನೋಡಿ.

8. ಒಂದು ತಿಂಗಳ ಲೆಕ್ಕ

ಮೊದಲ ದಿನವೇ ಅಟ್ಟೆಯ ಫೋಟೊ ತೆಗೆದಿಡಿ. ಪ್ರತಿ ಭಾನುವಾರ ಅದೇ ಬೆಳಕಲ್ಲಿ ಇನ್ನೊಂದು. ಹೆಬ್ಬೆರಳಿನ ಬುಡದ ಕೆಳಗಿನ ಗೆರೆಗಳು ಮೊದಲು ಸವೆಯುತ್ತವೆ. ಒಂದು ತಿಂಗಳಲ್ಲೇ ಅಲ್ಲಿ ಗೆರೆ ಅರ್ಧ ಮಾಯವಾದರೆ ಆ ಶೂ ಸಿಮೆಂಟಿಗೆ ಮಾಡಿದ್ದಲ್ಲ. ಫ್ರೀ ಥ್ರೋ ಹಾಕುವಾಗ, ಲೇಅಪ್‌ಗೆ ನೆಗೆಯುವಾಗ ಮೂತಿ ಎಳೆಯುವ ಅಭ್ಯಾಸ ಇದ್ದರೆ ಅಲ್ಲಿ ಅಂಟು ಬಿಡುತ್ತಿದೆಯೇ ನೋಡಿ. ಉಗುರು ಹೋಗುವಷ್ಟು ಬಿರುಕು ಬಿಟ್ಟಾಗಲೇ ಅಂಟಿಸಿ ಹೊಲಿಸಿದರೆ ಉಳಿಯುತ್ತದೆ. ಬೆರಳು ಹೋಗುವಷ್ಟಾದ ಮೇಲೆ ಕಷ್ಟ.

ಶೂವನ್ನು ನಾವೇ ಕೊಲ್ಲುವ ದಾರಿಗಳೂ ಇವೆ. ಮನೆಯಿಂದಲೇ ಅದನ್ನು ಹಾಕಿಕೊಂಡು ಹೋಗುವುದು ಮೊದಲನೆಯದು. ರಸ್ತೆಯ ಜಲ್ಲಿ ಅಟ್ಟೆ ತಿನ್ನುತ್ತದೆ, ಬೈಕಿನ ಗೇರ್ ಲಿವರ್ ಎಡಗಾಲ ಶೂ ಮೂತಿಯನ್ನು. ಎಡಗಾಲದ್ದು ಮಾತ್ರ ಹರಿದ ಶೂ ತಂದು “ಕಂಪನಿ ಸರಿಯಿಲ್ಲ” ಅನ್ನುವವರನ್ನು ಕಂಡಾಗ ನಾನು ಮೊದಲು ಕೇಳುವುದು ಬೈಕಿನ ಬಗ್ಗೆ. ಚಪ್ಪಲಿಯಲ್ಲಿ ಹೋಗಿ, ಕೋರ್ಟಿನಲ್ಲಿ ಶೂ ಹಾಕಿ. ಒದ್ದೆಯಾದರೆ ಪ್ಯಾಡ್ ಹೊರಗೆ ತೆಗೆದು, ಒಳಗೆ ಹಳೆಯ ಪೇಪರ್ ತುರುಕಿ, ನೆರಳಲ್ಲಿ ಫ್ಯಾನ್ ಕೆಳಗಿಡಿ. ಸುಡುವ ಬಿಸಿಲು, ಮುಚ್ಚಿದ ಕಾರಿನ ಡಿಕ್ಕಿ, ವಾಷಿಂಗ್ ಮೆಷಿನ್ ಮೂರೂ ಅಂಟಿಗೆ ಶತ್ರು.

ಅರ್ಧ ಬೆಲೆಗೆ ಸಿಗುವ ಹಳೆಯ ಸ್ಟಾಕ್ ಕೊಳ್ಳುವುದಾದರೆ ಲೇಬಲ್ ಅಥವಾ ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ಓದಿ. ಕೆಲವು ಮಿಡ್‌ಸೋಲ್‌ಗಳನ್ನು ಪಾಲಿಯುರೆಥೇನ್‌ನಿಂದ ಮಾಡಿರುತ್ತಾರೆ. ಅದು ಬಳಸದೆ ಇಟ್ಟರೂ ಗಾಳಿಯ ತೇವ ಹೀರಿ, ಹಲವು ವರ್ಷಗಳ ಮೇಲೆ ರಸ್ಕಿನಂತೆ ಪುಡಿಯಾಗುತ್ತದೆ. ಡಬ್ಬಿ ಹೊಸದು, ಶೂ ಹೊಸದು, ಮೂರನೇ ನೆಗೆತಕ್ಕೆ ಅಟ್ಟೆ ಬೇರೆ, ಶೂ ಬೇರೆ.

ಒಂದು ಪರೀಕ್ಷೆಯಲ್ಲಿ ಫೇಲಾದರೆ?

ಹಿಡಿತದಲ್ಲಿ ಅಥವಾ ಅಳತೆಯಲ್ಲಿ ಫೇಲಾದರೆ ಇಟ್ಟುಕೊಳ್ಳಬೇಡಿ, ಅದಕ್ಕೆ ಮದ್ದಿಲ್ಲ. ಧೂಳಿನ ಪರೀಕ್ಷೆಯಲ್ಲಿ ಮಾತ್ರ ಸೋತಿದ್ದರೆ ಒಳಾಂಗಣದಲ್ಲಿ ಆಡುವ ಗೆಳೆಯನಿಗೆ ಮಾರಿಬಿಡಿ, ಅವನಿಗೆ ಅದು ಹೇಳಿ ಮಾಡಿಸಿದಂತೆ ಇರಬಹುದು. ಹಿಮ್ಮಡಿ ಜಾರಿದರೆ ಲೇಸ್ ಇದೆ. ಮೆತ್ತನೆ ಸಾಲದಿದ್ದರೆ ಒಳಗಿನ ಪ್ಯಾಡ್ ಬದಲಿಸಿ ನೋಡಬಹುದು. ಆದರೆ ದಪ್ಪ ಪ್ಯಾಡ್ ಹಾಕಿದಾಗ ಕಾಲು ಒಳಗೆ ಮೇಲಕ್ಕೇರುತ್ತದೆ, ಹಿಮ್ಮಡಿಯ ಹಿಡಿತ ಕಡಿಮೆಯಾಗುತ್ತದೆ. ಹಾಗಾಗಿ ಪ್ಯಾಡ್ ಬದಲಿಸಿದ ದಿನ ಆರನೇ ಹಂತವನ್ನು ಮತ್ತೆ ಮೊದಲಿನಿಂದ ಮಾಡಿ.